ಬೀಗದಣ್ಣನ ಹದಿಮೂರು

ಲೋಕದಲ್ಲಿ ವೀರರಿಗೇನು ಬರವೇ? ಒಬ್ಬ ಹುಲಿ ಹೊಡೆದ, ಒಬ್ಬ ಕೋಟೆ ಹತ್ತಿದ, ಇನ್ನೊಬ್ಬ ಸಮುದ್ರ ಈಜಿದ. ಆದರೆ ಒಂದು ಸಂಖ್ಯೆಯನ್ನೇ ಸಂಹಾರ ಮಾಡಿದವನು ಬೀಗದಣ್ಣ ಒಬ್ಬನೇ. ದೊಡ್ಡ ರಸ್ತೆಯ ತುದಿಯಲ್ಲಿರುವ ಆ ಚರ್ಚಿನ ಕಾಂಪೌಂಡಿನೊಳಗೆ ಇಪ್ಪತ್ತೆರಡು ವರ್ಷಗಳಿಂದ ಹದಿಮೂರು ಎಂಬುದು ಕಾಲಿಟ್ಟಿಲ್ಲ. ಪ್ರಾರ್ಥನೆಯ ಬೆಂಚುಗಳು ಹನ್ನೆರಡರವರೆಗೆ ಸಾಧುವಾಗಿ ಬಂದು, ಅಲ್ಲೇನೋ ಚರಂಡಿ ಇದೆ ಎಂಬಂತೆ ನೆಗೆದು ಹದಿನಾಲ್ಕಕ್ಕೆ ಇಳಿಯುತ್ತವೆ. ಕೋಟು, ಕೊಡೆ ನೇತುಹಾಕುವ ಗೂಟಗಳೂ ಹಾಗೇ. ಹಾಡುವವರು ಪುಸ್ತಕ ಇಡುವ ಖಾನೆಗಳೂ ಹಾಗೇ. ನೆಲಮಾಳಿಗೆಯಲ್ಲಿ ಪೇರಿಸಿಟ್ಟ ಮಡಚುವ ಕುರ್ಚಿಗಳ ಬೆನ್ನನ್ನು ಒಂದೊಂದಾಗಿ ತಿರುಗಿಸಿ ನೋಡಿದರೂ ಆ ಪಾಪಿ ಸಂಖ್ಯೆ ಸಿಗುವುದಿಲ್ಲ.

ಕಾರಣ ಬೇಕೆಂದರೆ ಕಥೆಗಳು ರಾಶಿ ಬಿದ್ದಿದ್ದವು. ಬೀಗದಣ್ಣ ತನ್ನ ತಾಯಿಗೆ ಹದಿಮೂರನೆಯ ಕೂಸು, ಹಿಂದಿನ ಹನ್ನೆರಡೂ ಉಳಿಯಲಿಲ್ಲ ಎಂದು ಹಾಡುವ ಗುಂಪಿನ ಹಿರಿಯಕ್ಕ ಕಣ್ಣೊರೆಸಿಕೊಂಡು ಹೇಳುತ್ತಿದ್ದಳು. ನಿಜಕ್ಕೂ ಅವನಿಗಿದ್ದದ್ದು ಒಬ್ಬಳೇ ತಂಗಿ. ಆಕೆ ಈಗಲೂ ಗುಂಡುಕಲ್ಲಿನ ಹಾಗಿದ್ದಾಳೆ. ಗಂಟೆಗೋಪುರದ ಹದಿಮೂರನೇ ಮೆಟ್ಟಿಲಿಂದ ಜಾರಿ ಬಿದ್ದು ಬದುಕಿದ ಎಂಬುದು ಇನ್ನೊಂದು ಕಥೆ. ಪಾದ್ರಿಗಳಂತೂ ಒಂದು ಭಾನುವಾರದ ಉಪದೇಶವನ್ನೇ ಅವನಿಗೆ ಮುಡಿಪಿಟ್ಟರು. ಕೊನೆಯ ಊಟಕ್ಕೆ ಕೂತವರು ಹದಿಮೂರು ಮಂದಿ, ಅವರಲ್ಲೊಬ್ಬ ದ್ರೋಹಿ. ಆ ಹಳೆಯ ನೋವನ್ನು ನಮ್ಮ ನಡುವಿನ ಒಬ್ಬ ಸರಳ ಮನುಷ್ಯ ತನ್ನ ಬಣ್ಣದ ಕುಂಚದಲ್ಲಿ ಹೊತ್ತು ತಿರುಗುತ್ತಿದ್ದಾನೆ ಎಂದರು. ಇಡೀ ಸಭೆ ತಿರುಗಿ ನೋಡಿತು. ಆಗ ಬೀಗದಣ್ಣ ಹಿಂಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದ. ಪ್ರಾರ್ಥನೆಯ ಹೊತ್ತಿನಲ್ಲಿ ಕೆಲಸ ಮಾಡುತ್ತ ಸಿಕ್ಕಿಬಿದ್ದೆನೆಂದು ಎಣ್ಣೆಯ ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ತಲೆ ತಗ್ಗಿಸಿದ. ಎಂಥ ವಿನಯ ಎಂದು ಸಭೆ ನಿಟ್ಟುಸಿರು ಬಿಟ್ಟಿತು.

ಅವನನ್ನೇ ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಬೀಗದಣ್ಣ ಎಂಬುದು ಸೊಂಟದ ಕೀಲಿಗೊಂಚಲಿನಿಂದ ಬಂದ ಹೆಸರು. ಅವನು ನಡೆದರೆ ಪುಟ್ಟದೊಂದು ಸಂಗೀತ ಕಚೇರಿ ನಡೆದು ಹೋದಂತೆ ಸದ್ದಾಗುತ್ತಿತ್ತು. ಮೊದಲು ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿದ್ದ. ಅದು ಮುಚ್ಚಿದ ಮೇಲೆ ಚರ್ಚಿನ ಮಾಡಿನಂಚಿನ ಸೋರುವ ಮಳೆನೀರಿನ ದೋಣಿ ಸರಿಮಾಡಲು ಎರಡು ದಿನದ ಮಟ್ಟಿಗೆ ಬಂದ. ದೋಣಿ ಇನ್ನೂ ಸೋರುತ್ತಿದೆ, ಅವನೂ ಇನ್ನೂ ಇದ್ದಾನೆ. ಗುಡಿಸುವವನು, ಒರೆಸುವವನು, ಗಂಟೆ ಹೊಡೆಯುವವನು, ಹೆಗ್ಗಣ ಹಿಡಿಯುವವನು ಎಲ್ಲ ಅವನೇ. ನೀರಿನ ತೊಟ್ಟಿಯ ಪಕ್ಕದ ಎರಡು ಕೋಣೆಗಳಲ್ಲಿ ಅವನ ಸಂಸಾರ. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಬೆಳಗ್ಗೆಯಿಂದ ನಿಂತು ನಿಂತು ಆಕೆಯ ಕಾಲು ಊದಿದರೆ, ಬಗ್ಗಿ ಬಗ್ಗಿ ಇವನ ಸೊಂಟ ಹಿಡಿದಿರುತ್ತದೆ. ಸಂಜೆ ಇಬ್ಬರೂ ಎದುರುಬದುರು ಕೂತು, ನಿನ್ನದು ಹೆಚ್ಚೋ ನನ್ನದು ಹೆಚ್ಚೋ ಎಂದು ಒಂದಿಷ್ಟು ವಾದ ಮಾಡಿ, ಯಾರೂ ಗೆಲ್ಲದೆ ಊಟಕ್ಕೇಳುತ್ತಾರೆ.

ಇಂಥವನ ತಲೆಯ ಮೇಲೆ ಆ ವರ್ಷ ಒಂದು ಇಡೀ ಊರೇ ಬಂದು ಕೂತಿತು.

ಮನೆಯಿಲ್ಲದವರು ಸೇತುವೆಯ ಕೆಳಗೆ, ಬಸ್ ನಿಲ್ದಾಣದ ಹಿಂದೆ ಮಲಗುತ್ತಿದ್ದರು. ಮುನ್ಸಿಪಾಲಿಟಿಯವರು ಅಲ್ಲಿಂದೆಬ್ಬಿಸಿದರು. ಪಾದ್ರಿಗಳು ಚರ್ಚಿನ ಹಿಂದಿನ ಹುಲ್ಲುಹಾಸನ್ನು ಬಿಟ್ಟುಕೊಡುತ್ತೇವೆ ಎಂದರು. ನಾಲ್ಕು ತಿಂಗಳ ಮಟ್ಟಿಗೆ ಅನುಮತಿ ಬಂತು: ದೊಡ್ಡವರಿಗೆ ಮಾತ್ರ, ಒಬ್ಬರಿಗೊಂದು ಟೆಂಟು, ಮೂವತ್ತಕ್ಕಿಂತ ಒಂದೂ ಹೆಚ್ಚಾಗಬಾರದು, ಪ್ರತಿ ಟೆಂಟಿಗೂ ಸಂಖ್ಯೆಯ ಹಲಗೆ ಇರಬೇಕು. ಪಾದ್ರಿಗಳು ಉಪದೇಶ ಮಾಡಿದರು, ಸಭೆ ಕಂಬಳಿ ಕೊಟ್ಟಿತು, ಉಳಿದದ್ದೆಲ್ಲ ಬೀಗದಣ್ಣನ ಪಾಲಿಗೆ ಬಂತು.

ಉಳಿದದ್ದು ಎಂದರೆ ಎರಡು ಕಕ್ಕಸು, ಒಂದು ನಲ್ಲಿ, ಮೂವತ್ತು ಜನ. ಬೆಳಗ್ಗೆ ಐದೂವರೆಗೆ ಎದ್ದು ಬಾಗಿಲು ತೆಗೆಯಬೇಕು. ಆರಕ್ಕೆ ಸಾಲು. ಏಳಕ್ಕೆ ಒರೆಸಬೇಕು, ಏಳೂವರೆಗೆ ಒರೆಸಿದ್ದನ್ನು ಮತ್ತೆ ಒರೆಸಬೇಕು. ಒದ್ದೆ ಕಂಬಳಿಗಳನ್ನು ಮೆಟ್ಟಿಲಿನ ಕಟಕಟೆಯ ಮೇಲೆ ಹರವಬೇಕು. ಮಳೆ ಬಂದರೆ ಟೆಂಟುಗಳ ಕೆಳಗೆ ಹಲಗೆ ಸಿಕ್ಕಿಸಬೇಕು. ಎರಡು ತಿಂಗಳಲ್ಲಿ ಎಲ್ಲರೂ ಸುಸ್ತಾಗಿದ್ದರು. ಸಭೆಯ ಉತ್ಸಾಹ ಇಳಿದಿತ್ತು, ಪಾದ್ರಿಗಳ ಧ್ವನಿ ಇಳಿದಿತ್ತು. ಟೆಂಟಿನವರಂತೂ ಸುಸ್ತಾಗಿಯೇ ಬಂದವರು. ಕಾಯುವುದೂ ಒಂದು ದುಡಿಮೆ. ಈ ಆಫೀಸಿನಲ್ಲಿ ಕಾದು, ಆ ಆಫೀಸಿನಲ್ಲಿ ಕಾದು, ಸಂಜೆ ಮರಳುವ ಹೊತ್ತಿಗೆ ಮೂಟೆ ಹೊತ್ತವರ ಮುಖವಾಗಿರುತ್ತಿತ್ತು.

"ಅಣ್ಣಾ, ನಿಮಗಿಂತ ನಾವೇ ವಾಸಿ," ಎನ್ನುತ್ತಿದ್ದ ಹದಿನಾಲ್ಕನೇ ಟೆಂಟಿನ ಡ್ರೈವರ್. ಲಾರಿ ಓಡಿಸುತ್ತಿದ್ದವನು, ಕಣ್ಣಿನ ಪೊರೆ ಬಲಿತು ಕೆಲಸ ಹೋಗಿ, ಬಾಯಿ ಮಾತ್ರ ಉಳಿದಿತ್ತು. "ನಮಗೆ ಮನೆ ಇಲ್ಲ, ಕೆಲಸಾನೂ ಇಲ್ಲ. ನಿಮಗೆ ಬರೀ ಕೆಲಸ."

"ನನಗೆ ಮನೆ ಇದೆಯಲ್ಲಪ್ಪ."

"ಯಾರದ್ದು?"

ಬೀಗದಣ್ಣ ಆ ಪ್ರಶ್ನೆಯನ್ನು ಒರೆಸುವ ಬಟ್ಟೆಯ ಜೊತೆ ಬಕೆಟ್ಟಿಗೆ ಅದ್ದಿ ಹಿಂಡಿದ. ಕೋಣೆಗಳು ಚರ್ಚಿನವು. ಇನ್ನು ಮೂರು ವರ್ಷಕ್ಕೆ ಕೆಲಸ ಮುಗಿಯುತ್ತದೆ, ಕೋಣೆಗಳೂ ಮುಗಿಯುತ್ತವೆ. "ನಮ್ಮದೂ ಟೆಂಟೇ, ಗೋಡೆ ಇದೆ ಅಷ್ಟೇ," ಎಂದು ಹೆಂಡತಿ ಕಾಲಿಗೆ ಬಿಸಿನೀರು ಹಾಕಿಕೊಳ್ಳುವಾಗೆಲ್ಲ ಹೇಳುತ್ತಿದ್ದಳು.

ಟೆಂಟುಗಳಿಗೆ ಸಂಖ್ಯೆ ಬರೆದವನೂ ಅವನೇ. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತಗಡು ಕೊರೆದು ಮಾಡಿದ ಅಚ್ಚುಗಳಿದ್ದವು. ಹಲಗೆಯ ಮೇಲೆ ಅಚ್ಚು ಒತ್ತಿ ಹಿಡಿದು ಕರಿ ಬಣ್ಣ ತಟ್ಟಿದರೆ ಸಂಖ್ಯೆ ಮೂಡುತ್ತಿತ್ತು. ಬೆಂಚಿಗೂ ಗೂಟಕ್ಕೂ ಕುರ್ಚಿಗೂ ಬಳಸಿದ್ದ ಅದೇ ಡಬ್ಬಿ, ಅದೇ ಬಣ್ಣ, ಅದೇ ಕೈ. ಕೈ ತನ್ನ ಪಾಡಿಗೆ ಹನ್ನೆರಡು ಬರೆಯಿತು, ಹದಿನಾಲ್ಕು ಬರೆಯಿತು. ಹೀಗಾಗಿ ಮೂವತ್ತನೆಯ ಟೆಂಟಿನ ಮುಂದೆ ಮೂವತ್ತೊಂದು ಎಂಬ ಹಲಗೆ ನಿಂತಿತು. ಆ ಹೊತ್ತಿಗೆ ಅದು ಯಾರ ಕಣ್ಣಿಗೂ ಚುಚ್ಚಲಿಲ್ಲ.

ಆ ಮೂವತ್ತೊಂದರಲ್ಲಿದ್ದವಳು ಟೈಲರಮ್ಮ. ಮೂವತ್ತು ವರ್ಷ ಮಾರುಕಟ್ಟೆಯ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಊರಿನ ಪ್ಯಾಂಟುಗಳನ್ನೆಲ್ಲ ಕತ್ತರಿಸಿ ಗಿಡ್ಡ ಮಾಡಿದವಳು. ಕಟ್ಟಡ ಕೆಡವಿದಾಗ ಅಂಗಡಿಯೂ ಹೋಯಿತು, ಮೇಲಿದ್ದ ಬಾಡಿಗೆ ಕೋಣೆಯೂ ಹೋಯಿತು. ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರವೊಂದನ್ನು ತಬ್ಬಿಕೊಂಡು ಬಂದಿದ್ದಳು. ಬಂದ ವಾರದಲ್ಲೇ ಹರಿದ ಟೆಂಟುಗಳನ್ನೆಲ್ಲ ಹೊಲಿದು ಕೊಟ್ಟಳು, ಬೀಗದಣ್ಣನ ಅಂಗಿಯ ಕಾಲರನ್ನು ತಿರುವಿ ಹಾಕಿದಳು. ವಸತಿ ಇಲಾಖೆಯಲ್ಲಿ ಒಂಟಿ ಹೆಂಗಸರಿಗೆ ಒಂದು ಕೋಣೆ ಕೊಡುವ ಪಟ್ಟಿಯಿತ್ತು. ಅದರಲ್ಲಿ ಅವಳ ಸರದಿ ಬಂದಿತ್ತು. ಒಂದೇ ಷರತ್ತು: ಅರ್ಜಿದಾರರು ತೊಂಬತ್ತು ದಿನ ಬಿಡದೆ ಒಂದೇ ವಿಳಾಸದಲ್ಲಿರಬೇಕು. ಮನೆ ಇಲ್ಲದವರಿಂದ ಸ್ಥಿರ ವಿಳಾಸ ಕೇಳುವ ಆ ಬುದ್ಧಿವಂತನಿಗೆ ಯಾರು ಸನ್ಮಾನ ಮಾಡಬೇಕೋ ತಿಳಿಯದು. ಟೈಲರಮ್ಮನ ಅರ್ಜಿಯಲ್ಲಿ "ಚರ್ಚಿನ ಆವರಣ, ಟೆಂಟು ಮೂವತ್ತೊಂದು" ಎಂದು ಠಸ್ಸೆ ಬಿದ್ದಿತ್ತು. ಅವಳು ದಿನಕ್ಕೊಂದು ಹೊಲಿಗೆಯಂತೆ ಒಂದು ಬಟ್ಟೆಯ ತುಂಡಿನ ಅಂಚಿಗೆ ಕೆಂಪು ದಾರದಲ್ಲಿ ಗುರುತು ಹಾಕುತ್ತಿದ್ದಳು.

ಎಂಬತ್ತೊಂದು ಹೊಲಿಗೆ ಬಿದ್ದ ದಿನ ತಪಾಸಣೆಯ ಅಧಿಕಾರಿ ಬಂದರು.

ಹಿಂದಿನ ಅಧಿಕಾರಿ ಗೇಟಿನಿಂದಲೇ ಕೈಬೀಸಿ ಹೋಗುತ್ತಿದ್ದರು. ಇವರು ಹೊಸಬರು. ಬಗಲಲ್ಲಿ ಫಾರಂಗಳ ಕಟ್ಟು, ಕಣ್ಣ ಕೆಳಗೆ ಕಪ್ಪು, ಕಾಲಲ್ಲಿ ಕಚ್ಚುವ ಹೊಸ ಬೂಟು. ಕುಂಟುತ್ತ ಸಾಲಿನ ಕೊನೆಯವರೆಗೂ ನಡೆದು ಹಲಗೆ ಓದಿದರು.

"ಮೂವತ್ತೊಂದು. ಅನುಮತಿ ಇರೋದು ಮೂವತ್ತಕ್ಕೆ. ಇದನ್ನ ತೆಗೀಬೇಕು."

"ಸರ್, ಇರೋದೇ ಮೂವತ್ತು. ಎಣಿಸಿ ನೋಡಿ," ಎಂದ ಡ್ರೈವರ್.

"ಎಣಿಸೋ ಹಾಗಿಲ್ಲ. ಹೋದ ವರ್ಷ ಬೇರೆ ಕಡೆ ನಾವು ಎಣಿಸೋವಾಗ ಮಡಚಿಡ್ತಿದ್ರು, ಹೋದ ಮೇಲೆ ಬಿಚ್ತಿದ್ರು. ಅದಕ್ಕೇ ಹಲಗೆ ನೋಡಿ ಬರೀಬೇಕು ಅಂತ ನಿಯಮ ಮಾಡಿದಾರೆ. ಫಾರಂನಲ್ಲಿ ಏನಿದೆ? ಕೊನೆಯ ಸಂಖ್ಯೆ ಅಂತಿದೆ. ಕೊನೆಯ ಸಂಖ್ಯೆ ಎಷ್ಟು? ಮೂವತ್ತೊಂದು."

ಬೀಗದಣ್ಣ ಮುಂದೆ ಬಂದ. "ಸರ್, ಹದಿಮೂರು ಇಲ್ಲ ಸರ್."

ಅಧಿಕಾರಿ ಹನ್ನೆರಡರ ಹಲಗೆ ನೋಡಿದರು, ಪಕ್ಕದ ಹದಿನಾಲ್ಕನ್ನು ನೋಡಿದರು. ಮುಖ ಗಂಟಿಕ್ಕಿತು. "ಹದಿಮೂರು ಎಲ್ಲಿ?"

"ಇಲ್ಲ ಸರ್."

"ಇತ್ತು ತಾನೆ? ಎಲ್ಲಿ ಬಚ್ಚಿಟ್ಟಿದ್ದೀರಿ? ಯಾರಿದ್ರು ಅದರಲ್ಲಿ?"

"ಯಾರೂ ಇರ್ಲಿಲ್ಲ ಸರ್. ಅದೇ ಇರ್ಲಿಲ್ಲ."

"ನೋಡ್ರೀ, ನನ್ನ ತಲೆ ತಿನ್ಬೇಡಿ. ಇವತ್ತು ಇನ್ನೂ ಏಳು ಜಾಗ ನೋಡೋದಿದೆ." ನೋಟೀಸು ಬರೆದು, ಹರಿದು, ಬೀಗದಣ್ಣನ ಕೈಯಲ್ಲಿಟ್ಟರು. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಮೂವತ್ತೊಂದನೇ ಟೆಂಟು ಎತ್ತಬೇಕು. ಇಲ್ಲವಾದರೆ ಇಡೀ ಶಿಬಿರದ ಅನುಮತಿ ರದ್ದು.

ಟೈಲರಮ್ಮ ಯಂತ್ರದ ಹಿಡಿಕೆ ಬಿಟ್ಟು ಎದ್ದು ಬಂದಳು. ನೋಟೀಸು ಓದಿದಳು. ಅಳಲಿಲ್ಲ, ಬೈಯಲಿಲ್ಲ. "ಇನ್ನೊಂಬತ್ತು ದಿನ ಇತ್ತು," ಎಂದಳು ಅಷ್ಟೇ. ಯಾರದೋ ಪ್ಯಾಂಟು ಒಂದಂಗುಲ ಉದ್ದವಾಯಿತು ಎಂಬಷ್ಟೇ ತಣ್ಣಗೆ ಅಂದಳು. ಆಮೇಲೆ ಯಂತ್ರಕ್ಕೆ ಸುತ್ತುವ ಹಳೆಯ ರಗ್ಗನ್ನು ಕೊಡವಿ ಮಡಚತೊಡಗಿದಳು.

ಬೀಗದಣ್ಣ ನೋಟೀಸನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಬರೆದವನು ತಾನು. ತಪ್ಪು ತನ್ನ ಕುಂಚದ್ದು. ಮಧ್ಯಾಹ್ನದ ಚಹಾ ಆರಿ ಕೆನೆಗಟ್ಟಿತು, ಅವನು ಮುಟ್ಟಲಿಲ್ಲ. ಪಾದ್ರಿಗಳ ಕೋಣೆಗೆ ಹೋಗಿ ನೋಟೀಸು ಕೊಟ್ಟ.

"ಇಷ್ಟೇನಾ? ಬೇರೆ ನಂಬರ್ ಹಾಕಿಬಿಡು," ಎಂದರು ಪಾದ್ರಿಗಳು. "ಮೂವತ್ತೊಂದನ್ನ ಅಳಿಸಿ ಮೂವತ್ತು ಅಂತ ಬರಿ. ಹಿಂದಿನವೆಲ್ಲ ಒಂದೊಂದು ಇಳಿಸು."

"ಆಗಲ್ಲ ಫಾದರ್. ಮೂವತ್ತೊಂದು ಅವಳ ವಿಳಾಸ. ಅದು ಬದಲಾದ್ರೆ ಅವಳ ಲೆಕ್ಕ ಮತ್ತೆ ಮೊದಲ ದಿನದಿಂದ ಶುರುವಾಗುತ್ತೆ. ತೊಂಬತ್ತು ದಿನ. ನಮ್ಮ ಅನುಮತಿ ಅಷ್ಟು ದಿನ ಇಲ್ಲ."

ಪಾದ್ರಿಗಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರೂ ಎಂಬತ್ತೊಂದು ದಿನ ಮುನ್ಸಿಪಾಲಿಟಿಗೂ ಚರ್ಚಿಗೂ ಓಡಾಡಿ ಸವೆದಿದ್ದರು. "ನಿನ್ನ ವ್ರತವನ್ನ ನಾನು ಪ್ರಶ್ನೆ ಮಾಡಲ್ಲ," ಎಂದರು ಮೆಲ್ಲಗೆ. "ಅದರ ಆಳ ನನಗೆ ಗೊತ್ತು. ಆದರೆ ಟೆಂಟಿನ ಮಟ್ಟಿಗಾದರೂ ಆ ಹದಿಮೂರನ್ನ ಕ್ಷಮಿಸಬಹುದಿತ್ತು, ಅಣ್ಣ."

"ಫಾದರ್, ಅದು ವ್ರತ ಅಲ್ಲ. ಏನಾಯ್ತು ಅಂದ್ರೆ..."

ಫೋನು ರಿಂಗಾಯಿತು. ಪಾದ್ರಿಗಳು ಎತ್ತಿಕೊಂಡು, ಅವನತ್ತ ಕೈ ಮುಗಿದು, ಬಾಗಿಲು ತೋರಿಸಿದರು.

ನಾಲ್ಕಕ್ಕೆ ಬಂದ ಹೆಂಡತಿ ಚಪ್ಪಲಿ ಕಳಚುವ ಮುಂಚೆಯೇ ಗಂಡನ ಮುಖ ನೋಡಿ ಎಲ್ಲ ಕೇಳಿದಳು. "ಹೋಗಲಿ ಬಿಡಿ, ನಮ್ಮ ಒಳಕೋಣೆಗೆ ಕರ್ಕೊಂಡು ಬನ್ನಿ ಅವಳನ್ನ," ಎಂದಳು. ಆಮೇಲೆ ತಾನೇ ಹಣೆ ಚಚ್ಚಿಕೊಂಡಳು. "ಅಯ್ಯೋ, ಅದೂ ಬೇರೆ ವಿಳಾಸ ಆಗುತ್ತಲ್ಲ. ಎಂಥಾ ಗ್ರಹಚಾರ ತಂದಿಟ್ರಿ ಮಾರಾಯ್ರೆ, ಒಂದು ನಂಬರ್ ಬರೆಯೋಕೆ ಕೊಟ್ರೆ."

ಮರುದಿನ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅಧಿಕಾರಿ ಬಂದರು. ನಿನ್ನೆಗಿಂತ ಹೆಚ್ಚು ಕುಂಟುತ್ತಿದ್ದರು. ಟೈಲರಮ್ಮ ಯಂತ್ರವನ್ನು ರಗ್ಗಿನಲ್ಲಿ ಸುತ್ತಿ, ಅದರ ಪಕ್ಕದಲ್ಲಿ ಬಸ್ಸಿಗೆ ಕಾಯುವವಳಂತೆ ಕೂತಿದ್ದಳು. ಟೆಂಟು ಮಾತ್ರ ಹಾಗೇ ನಿಂತಿತ್ತು. ಅದರ ಹಗ್ಗದ ಗೂಟವನ್ನು ಕೀಳಬೇಕಾದ ಬೀಗದಣ್ಣ ಬೆಳಗ್ಗೆಯಿಂದ ಮೂರು ಸಲ ಹತ್ತಿರ ಹೋಗಿ, ಮೂರು ಸಲವೂ ಬೇರೆ ಕೆಲಸ ನೆನಪು ಮಾಡಿಕೊಂಡು ವಾಪಸಾಗಿದ್ದ.

"ಹನ್ನೆರಡಾಗೋಕೆ ಇನ್ನೂ ಹತ್ತು ನಿಮಿಷ ಇದೆ ಸರ್," ಎಂದ ಡ್ರೈವರ್. "ನಿಯಮ ಅಂದ್ರೆ ನಿಯಮ. ಅಲ್ಲೀವರೆಗೆ ಒಳಗೆ ಕೂತ್ಕೊಳ್ಳಿ, ಬೂಟು ಬಿಚ್ಚಿ. ನಮ್ಮದೇನು, ಇವತ್ತು ಇರೋರು ನಾಳೆ ಹೋಗೋರು."

ಅಧಿಕಾರಿಗೆ ಆ ಮಾತಿನ ಕೊಂಕು ತಿಳಿಯಿತು, ಆದರೆ ಕಾಲಿಗೆ ಮಾನವಿಲ್ಲ. ಚರ್ಚಿನೊಳಗೆ ಹೋಗಿ ಬೆಂಚಿನ ಮೇಲೆ ಕುಸಿದು ಬೂಟು ಕಳಚಿದರು. ಹಿಮ್ಮಡಿಯ ಬೊಬ್ಬೆಗೆ ಗಾಳಿ ತಾಗಿ ಕಣ್ಣು ಮುಚ್ಚಿತು. ಮತ್ತೆ ಕಣ್ಣು ಬಿಟ್ಟಾಗ ಎದುರಿನ ಬೆಂಚಿನ ಬೆನ್ನ ಮೇಲಿನ ಹನ್ನೆರಡು ಕಂಡಿತು. ತಾನು ಕೂತದ್ದರ ತುದಿಗೆ ಬಗ್ಗಿ ನೋಡಿದರು. ಹದಿನಾಲ್ಕು.

"ರೀ!" ಎಂದು ಕೂಗಿದರು. ಬೀಗದಣ್ಣ ಒರೆಸುವ ಕೋಲಿನೊಂದಿಗೆ ಓಡಿಬಂದ. "ಇಲ್ಲೂ ಹದಿಮೂರನ್ನ ಬಚ್ಚಿಟ್ಟಿದ್ದೀರಾ?"

"ಇಲ್ಲೂ ಇಲ್ಲ ಸರ್."

ಅಧಿಕಾರಿಯ ಒಳಗೆ ಏನೋ ಎದ್ದಿತು. ಬರಿಗಾಲಲ್ಲೇ ಎದ್ದು ಗೂಟಗಳ ಸಾಲಿಗೆ ನಡೆದರು: ಹನ್ನೆರಡು, ಹದಿನಾಲ್ಕು. ಹಾಡುವವರ ಖಾನೆಗಳಿಗೆ ನಡೆದರು: ಹನ್ನೆರಡು, ಹದಿನಾಲ್ಕು. "ನೆಲಮಾಳಿಗೆ ತೆಗೀರಿ." ಬೀಗದಣ್ಣ ಮೊಣಕಾಲು ಹಿಡಿದುಕೊಂಡು ಇಳಿದು ಬೀಗ ತೆಗೆದ. ಒಬ್ಬ ಸರ್ಕಾರಿ ಅಧಿಕಾರಿ ಬರಿಗಾಲಲ್ಲಿ ನಿಂತು ಐವತ್ತೊಂಬತ್ತು ಕುರ್ಚಿಗಳ ಬೆನ್ನು ತಿರುಗಿಸಿದ ಆ ದೃಶ್ಯವನ್ನು ಚರಿತ್ರೆ ದಾಖಲಿಸಿಲ್ಲ, ನಾವಾದರೂ ದಾಖಲಿಸೋಣ. ಜೇಡರ ಬಲೆ ತಲೆಗೆ ಮುತ್ತಿಕೊಂಡಿತ್ತು. ಕೊನೆಯ ಕುರ್ಚಿಯ ಮೇಲೆ ಅರುವತ್ತು ಎಂದಿತ್ತು.

ಸದ್ದು ಕೇಳಿ ಪಾದ್ರಿಗಳು ಇಳಿದುಬಂದರು.

"ಏನಿದು ಫಾದರ್?" ಎಂದರು ಅಧಿಕಾರಿ. ದನಿಯಲ್ಲಿ ಗದರಿಕೆ ಹೋಗಿ ಭಯದಂಥದ್ದೇನೋ ಬಂದಿತ್ತು. "ಎಲ್ಲೂ ಇಲ್ಲ. ಎಷ್ಟು ವರ್ಷದಿಂದ ಹೀಗೆ?"

"ಇಪ್ಪತ್ತೆರಡು ವರ್ಷ," ಎಂದರು ಪಾದ್ರಿಗಳು. ಆ ಭಾನುವಾರದ ಉಪದೇಶ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಮೇಜು, ಹದಿಮೂರು ಮಂದಿ, ದ್ರೋಹ, ಸರಳ ಮನುಷ್ಯನ ಕುಂಚ, ಎಲ್ಲವೂ ಅದೇ ಏರಿಳಿತದಲ್ಲಿ ಹರಿದುಬಂತು. ಅವರು ಸುಳ್ಳು ಹೇಳುವವರಲ್ಲ. ಒಂದೊಂದು ಅಕ್ಷರವನ್ನೂ ನಂಬಿ ಹೇಳಿದರು.

ಅಧಿಕಾರಿ ಫಾರಂ ತಿರುಗಿಸಿ ಹಿಂದಿನ ಪುಟದ ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸಿದರು. "ಇಲ್ಲೊಂದು ಕಲಂ ಇದೆ. ಸಂಸ್ಥೆಯ ಧಾರ್ಮಿಕ ಪದ್ಧತಿಗೆ ಸಂಬಂಧಿಸಿದ ವಿನಾಯಿತಿ. ಹತ್ತು ವರ್ಷಕ್ಕೆ ಮೀರಿ ರೂಢಿಯಲ್ಲಿರಬೇಕು." ತಲೆಯೆತ್ತಿ ಬೀಗದಣ್ಣನನ್ನೇ ನೋಡಿದರು. "ಬರೆದೋರು ನೀವು ತಾನೆ? ನೀವೇ ಹೇಳಿ. ಇದು ಧಾರ್ಮಿಕ ಪದ್ಧತಿನಾ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವನನ್ನೇ ಕೇಳಿದ್ದ. ಬೀಗದಣ್ಣ ಬಾಯಿ ತೆರೆದ. ನೆಲಮಾಳಿಗೆಯ ಗಾಳಿಕಿಂಡಿಯಿಂದ ಹೊರಗಿನ ಹುಲ್ಲು ಕಾಣುತ್ತಿತ್ತು. ಹುಲ್ಲಿನ ಮೇಲೆ ರಗ್ಗಿನಲ್ಲಿ ಸುತ್ತಿದ ಯಂತ್ರ, ಅದರ ಪಕ್ಕ ಸವೆದ ಚಪ್ಪಲಿಯ ಎರಡು ಕಾಲು.

"ಸರ್," ಎಂದ ಕೊನೆಗೆ, "ನಾನು ಬಂದಾಗಿನಿಂದ ಹೀಗೇ ಇದೆ ಸರ್."

"ಸಾಕು," ಎಂದು ಅಧಿಕಾರಿ ಬರೆದುಕೊಂಡರು: ಈ ಸಂಸ್ಥೆಯಲ್ಲಿ ಧಾರ್ಮಿಕ ಪದ್ಧತಿಯಂತೆ ಹದಿಮೂರು ಸಂಖ್ಯೆ ಬಳಕೆಯಲ್ಲಿಲ್ಲ, ಕೊನೆಯ ಸಂಖ್ಯೆಯಿಂದ ಒಂದನ್ನು ಕಳೆದು ಓದತಕ್ಕದ್ದು. ಠಸ್ಸೆ ಒತ್ತಿದರು. ಹೊರಗೆ ಬಂದು ಹಲಗೆಗಳ ಮುಂದೆ ಒಂದು ನಿಮಿಷ ನಿಂತರು, ಪಾದ್ರಿಗಳಿಗೂ ಬೀಗದಣ್ಣನಿಗೂ ಕೈಮುಗಿದರು, ಬೂಟನ್ನು ಕೈಯಲ್ಲೇ ಹಿಡಿದು ಕುಂಟುತ್ತ ಹೋದರು. ಅವರಿಗೂ ಇನ್ನೂ ಆರು ಜಾಗ ಬಾಕಿಯಿತ್ತು.

ಡ್ರೈವರ್ ಟೈಲರಮ್ಮನ ಯಂತ್ರವನ್ನು ಎತ್ತಿ ಒಳಗಿಟ್ಟ. "ಒಬ್ಬನ ತಲೆಯಲ್ಲಿ ಒಂದು ನಂಬರ್ ಕಮ್ಮಿ ಇದ್ರೆ ಎಷ್ಟು ಉಪಕಾರ ನೋಡಿ," ಎಂದ.

ಆಮೇಲಿನ ಎಂಟು ದಿನಗಳಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಐದೂವರೆಗೆ ಬಾಗಿಲು, ಆರಕ್ಕೆ ಸಾಲು, ಏಳಕ್ಕೆ ಒರೆಸುವುದು. ತೊಂಬತ್ತು ಹೊಲಿಗೆ ತುಂಬಿ ಐದು ದಿನಕ್ಕೆ ವಸತಿ ಇಲಾಖೆಯ ಪತ್ರ ಬಂತು. ಊರಿನ ಆ ಕೊನೆಯಲ್ಲಿ, ಮೂರನೇ ಮಹಡಿಯಲ್ಲಿ, ಒಂದು ಕೋಣೆ, ಒಂದು ಕಿಟಕಿ. ಮೂವತ್ತರಲ್ಲಿ ಒಬ್ಬಳಿಗೆ ಕೋಣೆ ಸಿಕ್ಕಿತು. ಉಳಿದ ಇಪ್ಪತ್ತೊಂಬತ್ತು ಮಂದಿ ಖುಷಿಪಟ್ಟರು, ಮತ್ತೆ ಆಫೀಸುಗಳಿಗೆ ಕಾಯಲು ಹೋದರು. ಟೈಲರಮ್ಮನ ಟೆಂಟು ಇಳಿಸಿದಾಗ ಹುಲ್ಲಿನ ಮೇಲೆ ಹಳದಿ ಚೌಕವೊಂದು ಉಳಿಯಿತು.

ಬೀಗದಣ್ಣ ಯಂತ್ರವನ್ನು ಹೊತ್ತು ಗೇಟಿನವರೆಗೆ ಬಂದ. ಆಟೊ ಇನ್ನೂ ಬಂದಿರಲಿಲ್ಲ. ಇಬ್ಬರೂ ಮೋಟುಗೋಡೆಯ ಮೇಲೆ ಕೂತರು.

"ಅಣ್ಣಾ, ನಿಮ್ಮ ಹದಿಮೂರಿಂದ ನನ್ನ ಕೋಣೆ ಹೋಗ್ತಿತ್ತು, ನಿಮ್ಮ ಹದಿಮೂರಿಂದಲೇ ಉಳೀತು," ಎಂದಳು ಟೈಲರಮ್ಮ. "ಈಗಲಾದ್ರೂ ಹೇಳಿ. ಏನದು? ಹರಕೆನಾ? ಯಾರಾದ್ರೂ ತೀರಿಕೊಂಡಿದ್ರಾ?"

ಬೀಗದಣ್ಣ ಎದ್ದು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು ಅವಳ ಮಡಿಲಲ್ಲಿಟ್ಟ. "ನೋಡು. ಒಂದೊಂದು ನಂಬರಿಗೆ ಒಂದೊಂದು ತಗಡು. ಒಂದರಿಂದ ಅರುವತ್ತರ ತನಕ. ನಾನು ಕೆಲಸಕ್ಕೆ ಸೇರಿದಾಗಲೇ ಇದರಲ್ಲಿ ಹದಿಮೂರು ಇರಲಿಲ್ಲ. ನನಗಿಂತ ಮುಂಚೆ ಇದ್ದೋನು ಎಲ್ಲೋ ಕಳೆದಿದ್ದ."

"ಅಷ್ಟೇನಾ?"

"ಅಷ್ಟೇ."

"ಇಷ್ಟು ವರ್ಷ ಯಾರಿಗೂ ಹೇಳಲಿಲ್ವಾ?"

"ಯಾರೂ ಕೇಳ್ಲಿಲ್ಲ. ಕೇಳ್ದೋರು ಉತ್ತರಕ್ಕೆ ನಿಲ್ಲಲಿಲ್ಲ. ಆ ಅಧಿಕಾರಿಗಂತೂ ಹೇಳೋ ಹಾಗಿರಲಿಲ್ಲ."

ಟೈಲರಮ್ಮ ಮೂವತ್ತು ವರ್ಷ ಸಾಕಾಗದ ಬಟ್ಟೆಗೆ ಬಟ್ಟೆ ಕೂಡಿಸಿ ಹೊಲಿದವಳು. ಡಬ್ಬಿಯೊಳಗೆ ಕೈಯಾಡಿಸಿದಳು. ಒಂದರ ತಗಡು ತೆಗೆದಳು, ಮೂರರ ತಗಡು ತೆಗೆದಳು. ಎರಡನ್ನೂ ಮಡಿಲ ಮೇಲೆ ಅಂಚಿಗೆ ಅಂಚು ತಾಗಿಸಿ ಇಟ್ಟು, ಅವನ ಮುಖ ನೋಡಿದಳು.

ಬೀಗದಣ್ಣ ಬಗ್ಗಿ ನೋಡಿದ. ಸೊಂಟ ಹಿಡಿದುಕೊಂಡು ಒಂದರ ಮೇಲೆ ಬೆರಳಿಟ್ಟ, ಮೂರರ ಮೇಲೆ ಬೆರಳಿಟ್ಟ. ದೂರದಲ್ಲಿ ಆಟೊ ತಿರುಗಿತು.

"ಹೌದಲ್ಲ," ಎಂದ. "ಹೊಳೀಲೇ ಇಲ್ಲ."